ಅತ್ತಿಗೆಯ ಡಿಗ್ರಿಗೆ ಮೆಟ್ಟುಕತ್ತಿ ತಂದವರು

ನನ್ನ ಅತ್ತಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಆನ್‌ಲೈನ್ ಡಿಗ್ರಿಗೆ ಸೇರಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಮ್ಮ ಕುಟುಂಬದಲ್ಲಿ ಒಬ್ಬರೂ ನೆಮ್ಮದಿಯಿಂದ ಇರಬಾರದು, ಅಷ್ಟೇ ಅವರ ಉದ್ದೇಶ!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಆಲಂಕಾರಿನ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಮದುವೆಯ ಬ್ಲೌಸನ್ನು ಮದುವೆಯ ದಿನದ ಬೆಳಗ್ಗೆಗಿಂತ ಮೊದಲು ಕೊಟ್ಟ ಚರಿತ್ರೆ ಅವರಿಗಿಲ್ಲ. "ನಾಳೆ ಬನ್ನಿ ಆಯ್ತಾ" ಎಂಬ ಮಾತನ್ನೇ ಬಂಡವಾಳ ಮಾಡಿಕೊಂಡು ಇಷ್ಟು ವರ್ಷ ವ್ಯಾಪಾರ ನಡೆಸಿದವರು. ಅಂಥವರು ಅಸೈನ್‌ಮೆಂಟುಗಳನ್ನು ಮಾತ್ರ ಗಡುವಿಗೆ ಒಂದು ದಿನ ಮೊದಲೇ ಕಳುಹಿಸತೊಡಗಿದರೆ ಪೇಟೆಯ ಹೆಂಗಸರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? "ನಾವು ಅಳತೆ ಕೊಟ್ಟು ತಿಂಗಳಾಯ್ತು. ಆ ಪ್ರೊಫೆಸರ್ ಎಂತ ಅಳತೆ ಕೊಟ್ಟಿದ್ದಾರೆ ನಿಮ್ಗೆ?" ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ಕೇಳಿದ್ದಳಂತೆ.

"ಈ ಪ್ರಾಯದಲ್ಲಿ ಡಿಗ್ರಿ ಯಾರಿಗೆ ತೋರಿಸ್ಲಿಕ್ಕೆ ಅತ್ತಿಗೆ?" ಎಂದು ನಾನೊಮ್ಮೆ ಕೇಳಿದೆ.

"ನಿನ್ನ ಅಣ್ಣನಿಗೆ ಮಾರಾಯ! ಮದುವೆ ಆದಾಗಿಂದ 'ನಾನು ಡಿಗ್ರಿ ಆದವ, ಡಿಗ್ರಿ ಆದವ' ಹೇಳ್ತಾ ಇದ್ದಾರೆ. ಒಂದು ಅನ್ನ ಇಡ್ಲಿಕ್ಕೆ ಬರುದಿಲ್ಲ ಅವರಿಗೆ. ಹಾಗಾದ್ರೆ ಆ ಡಿಗ್ರಿಯಲ್ಲಿ ಅಂಥದ್ದು ಎಂತ ಉಂಟು ಅಂತ ನೋಡ್ಬೇಕಲ್ಲ?"

ಅಣ್ಣನ ಪಾಡನ್ನು ಕೇಳುವುದೇ ಬೇಡ. ಪಾಪ, ಮಧ್ಯಾಹ್ನ ಮನೆಗೆ ಬಂದು "ಊಟ ಉಂಟಾ?" ಎಂದರೆ ಒಳಗಿನಿಂದ "ಕ್ಲಾಸ್ ಉಂಟು!" ಎಂಬ ಉತ್ತರ ಬರುತ್ತಿತ್ತು. ಡಿಗ್ರಿ ಆದ ಮನುಷ್ಯ ಅವಲಕ್ಕಿ ಮೆಲ್ಲುತ್ತಾ ಜಗಲಿಯಲ್ಲಿ ಕೂರುತ್ತಿದ್ದ.

ಅತ್ತಿಗೆಯ ಅಂಗಡಿಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಹೊಲಿದಿಟ್ಟ ಬ್ಲೌಸುಗಳನ್ನು ನೇತುಹಾಕುವ ಕಿಟಕಿಯ ಸರಳಿನ ಹತ್ತಿರ. ಆದ್ದರಿಂದ ಅವರು ಮೊಬೈಲನ್ನೂ ಒಂದು ಹ್ಯಾಂಗರಿಗೆ ಕಟ್ಟಿ, ಬ್ಲೌಸುಗಳ ನಡುವೆ ತೂಗಹಾಕಿ, ತಾವು ಕೆಳಗೆ ಮಿಷನ್ ತುಳಿಯುತ್ತಾ ಪಾಠ ಕೇಳುತ್ತಿದ್ದರು. ಕ್ಯಾಮೆರಾ ಆನ್ ಮಾಡಿ ಎಂದು ಪ್ರೊಫೆಸರ್ ಮೇಡಂ ಗದರಿಸಿದ ದಿನ ಇಡೀ ತರಗತಿಗೆ ಕಂಡದ್ದು ಗಾಳಿಗೆ ಓಲಾಡುವ ಒಂದು ಕೆಂಪು ಬ್ಲೌಸು. ತಲೆಯಿಲ್ಲ, ಕೈಯಿಲ್ಲ! "ಯಾರದು ಕೆಂಪು ಬಟ್ಟೆ? ಸರಿಯಾಗಿ ಕೂತ್ಕೊಳ್ಳಿ!" ಎಂದು ಮೇಡಂ ರೇಗಿದರು. ಅಷ್ಟು ಹೊತ್ತಿಗೆ ಆ ಬ್ಲೌಸಿನ ಯಜಮಾನಿಯೇ ಅಂಗಡಿಗೆ ಬಂದು, "ಅಯ್ಯೋ ಅಕ್ಕ, ಅದು ನಂದು! ಅಷ್ಟು ಜನಕ್ಕೆ ಎಂತಕ್ಕೆ ತೋರಿಸುದು ನೀವು?" ಎಂದು ಬೊಬ್ಬೆ ಹೊಡೆದಳು. ಮೈಕ್ ಆನ್ ಇತ್ತೆಂದು ಬೇರೆ ಹೇಳಬೇಕೇ?

ಇಷ್ಟಾದರೂ ಪರವಾಗಿರಲಿಲ್ಲ. ಕೊನೆಯ ವರ್ಷದಲ್ಲಿ ಗ್ರೂಪ್ ಪ್ರಾಜೆಕ್ಟು ಎಂಬ ಗ್ರಹಚಾರ ವಕ್ಕರಿಸಿತು.

ನಾಲ್ವರ ಗುಂಪು. ಅತ್ತಿಗೆ ಒಬ್ಬರು. ಎರಡನೆಯವನು ಗುಂಡ್ಯದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವನು. ಘಾಟಿಯ ಬಸ್ಸುಗಳು ಬಂದು ನಿಂತರೆ ಅವನು ಗುಂಪಿಗೆ ಇಲ್ಲ, ಬಸ್ಸಿಲ್ಲದಿದ್ದರೆ ಅವನಿಗೆ ನಿದ್ದೆ. ಮೂರನೆಯವರು ಸುಳ್ಯ ಕಡೆಯ ಒಬ್ಬ ದೊಡ್ಡ ಮನುಷ್ಯರು. ಅವರ ಹೆಬ್ಬೆರಳನ್ನು ಬಿಟ್ಟು ಬೇರಾವ ಅಂಗವನ್ನೂ ಯಾರೂ ಕಂಡವರಿಲ್ಲ. ವಾಟ್ಸ್ಯಾಪಿನಲ್ಲಿ ಏನು ಹಾಕಿದರೂ ಒಂದು ಹೆಬ್ಬೆರಳು! ನಾಲ್ಕನೆಯವಳು ಈಶ್ವರಮಂಗಲದ ಬ್ಯಾರಿ ಮನೆಯ ಸೊಸೆ. ಗಂಡ ಗಲ್ಫಿನಲ್ಲಿ, ಅವಳು ತುಂಬು ಬಸುರಿ. ನಿಜವಾಗಿ ಓದಿ ಬರೆಯುತ್ತಿದ್ದವಳು ಅವಳೊಬ್ಬಳೇ.

ಹಳ್ಳಿಯ ಜನ ಯಾವ ಸಾಬೂನು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂಬುದು ಇವರ ವಿಷಯ. ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಬೇಕು. ಆದರೆ ನಮ್ಮ ಅತ್ತಿಗೆಗೆ ಗೊತ್ತಿರುವ ಗುಂಪಿನ ಕೆಲಸ ಪ್ರಪಂಚದಲ್ಲಿ ಒಂದೇ, ಜಂಬಾರದ ಮುಂಚಿನ ದಿನ ನೆರೆಕರೆಯವರೆಲ್ಲ ಸೇರಿ ತರಕಾರಿ ಹೆಚ್ಚುವುದು. ನಮ್ಮಲ್ಲಿ ಯಾರ ಮನೆಯಲ್ಲಿ ಮದುವೆ, ಪೂಜೆಯಂಥ ಜಂಬಾರ ಇದ್ದರೂ ಹಿಂದಿನ ಸಂಜೆ ಹೋಗಿ ಹೆಚ್ಚಿಕೊಟ್ಟು ಬರುವುದು ಪದ್ಧತಿ. ಅತ್ತಿಗೆ ನೆರೆಕರೆಗೆಲ್ಲ ಫೋನ್ ಮಾಡಿದರು. "ನಮ್ಮಲ್ಲಿ ನಾಳೆ ಒಂದು ಪ್ರಾಜೆಕ್ಟ್ ಉಂಟು. ಇವತ್ತು ಸಂಜೆ ಎಲ್ರೂ ಬನ್ನಿ ಆಯ್ತಾ!"

ಬಂದರು. ಬರುವಾಗ ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನೂ ತಂದರು!

ಚಾಪೆಯ ಮೇಲೆ ಸಾಲಾಗಿ ಕೂತವರಿಗೆ ಸೌತೆಕಾಯಿಯ ಬದಲು ಕಾಗದ ಹಂಚಲಾಯಿತು. ತರಕಾರಿ ಹೆಚ್ಚುವಾಗ ಹಿರಿಯರು ಮೊದಲು ಒಂದು ಹೋಳು ಮಾಡಿ ತೋರಿಸುತ್ತಾರೆ, ಉಳಿದವರು ಅದೇ ಗಾತ್ರಕ್ಕೆ ಹೆಚ್ಚುತ್ತಾರೆ. ಇಲ್ಲೂ ಹಾಗೆಯೇ ಆಯಿತು. ಪಕ್ಕದ ಮನೆಯ ಅಜ್ಜಿ ಯಾವ ಸಾಬೂನು ಎಂದರೋ ಎಲ್ಲರೂ ಅದನ್ನೇ ಬರೆದರು. ಅಜ್ಜಿ ಯಾಕೆ ಎಂಬಲ್ಲಿ "ಬೆನ್ನು ತುರಿಕೆಗೆ ಒಳ್ಳೇದು" ಎಂದರು. ಎಲ್ಲರಿಗೂ ಬೆನ್ನು ತುರಿಸಿತು.

ಮೇಡಂ ವರದಿಯನ್ನು ಹಿಂದಕ್ಕೆ ಕಳುಹಿಸಿದರು. "ಇಡೀ ಊರಿಗೆ ಬೆನ್ನು ತುರಿಕೆ ಹೇಗೆ ಬಂತು?" ಎಂದು ಅದರಲ್ಲಿ ಕೇಳಿದ್ದರು.

"ಹೋಳು ಎಲ್ಲ ಒಂದೇ ನಮೂನೆ ಇರ್ಬೇಡ್ವಾ ಮಾರಾಯ?" ಎಂದು ಅತ್ತಿಗೆ ನನ್ನನ್ನೇ ಜೋರು ಮಾಡಿದರು. "ಒಂದು ದೊಡ್ಡದು, ಒಂದು ಸಣ್ಣದು ಮಾಡಿದ್ರೆ ಬೇಯುದು ಹೇಗೆ?"

ಮತ್ತೆ ಮನೆಮನೆ ಅಲೆದದ್ದು ಅತ್ತಿಗೆ, ಹೊಸ ವರದಿ ಬರೆದದ್ದು ಈಶ್ವರಮಂಗಲದ ಹುಡುಗಿ. ಗುಂಡ್ಯದಲ್ಲಿ ಬಸ್ಸುಗಳು ನಿಂತೇ ಇದ್ದವು. ಸುಳ್ಯದಿಂದ ಹೆಬ್ಬೆರಳು ಬಂತು.

ಇನ್ನುಳಿದದ್ದು ಪ್ರೆಸೆಂಟೇಶನ್. ನಾಲ್ವರೂ ಪರದೆಯ ಮೇಲೆ ಬಂದು ತಮ್ಮ ಭಾಗವನ್ನು ತಾವೇ ಹೇಳಬೇಕು. ತಪ್ಪಿಸಿಕೊಂಡವರಿಗೆ ಡಿಗ್ರಿ ಮತ್ತೊಂದು ವರ್ಷ ಮುಂದಕ್ಕೆ. ಪುತ್ತೂರಿನ ನಮ್ಮ ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿದೆಯೆಂದು ಅತ್ತಿಗೆ ಅಲ್ಲಿಗೇ ಬರುವುದೆಂದಾಯಿತು. ನಾನು ಕೋಣೆ ಖಾಲಿ ಮಾಡಿಸಿದೆ, ಆ ಹೊತ್ತಿಗೆ ಮಿಕ್ಸಿ ತಿರುಗಿಸಬಾರದೆಂದು ಹೆಂಡತಿಗೆ ತಾಕೀತು ಮಾಡಿ ಬೈಸಿಕೊಂಡೆ.

ಮುಂಚಿನ ದಿನ ಮಧ್ಯಾಹ್ನ ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಅತ್ತಿಗೆಯ ಫೋನ್ ಬಂತು. "ಕಾರು ತಾ. ಈಶ್ವರಮಂಗಲಕ್ಕೆ ಹೋಗ್ಲಿಕ್ಕುಂಟು."

ಆ ಹುಡುಗಿಗೆ ಹೆರಿಗೆಯಾಗಿ ಒಂದೂವರೆ ತಿಂಗಳು. ಅತ್ತೆ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾರೆ. ಮಗು ನೆಲಕ್ಕಿಟ್ಟರೆ ಕಿರುಚುತ್ತದೆ. "ನನ್ನ ಹೆಸರು ತೆಗೀರಿ ಅಕ್ಕ. ನಿಮ್ಗೆಲ್ಲ ತೊಂದ್ರೆ ಆಗುದು ಬೇಡ" ಎಂದು ಅವಳು ಗ್ರೂಪಿಗೆ ಬರೆದಿದ್ದಳು. ಗುಂಡ್ಯದವನು "ಆಗ್ಲಿ, ತೆಗೆಯುವ" ಎಂದಿದ್ದ. ಸುಳ್ಯದ ದೊಡ್ಡ ಮನುಷ್ಯರು ಅದಕ್ಕೂ ಹೆಬ್ಬೆರಳು ಒತ್ತಿದ್ದರು! ಆ ಹೆಬ್ಬೆರಳು ಎದುರಿಗೆ ಸಿಕ್ಕಿದ್ದರೆ ಅತ್ತಿಗೆ ಅದರ ಅಳತೆ ತೆಗೆದು ಕತ್ತರಿ ಹಾಕುತ್ತಿದ್ದರೋ ಏನೋ.

"ಅಲ್ಲ ಅತ್ತಿಗೆ, ಅಲ್ಲಿ ಸಿಗ್ನಲ್ ಕೈಕೊಟ್ರೆ ನಿಮ್ಮ ಡಿಗ್ರಿಯೂ ಹೋಯ್ತು. ಕಾರ್ಯಕ್ರಮ ನಾಳೆ ಅಲ್ವಾ? ಇವತ್ತೇ ಹೋಗಿ ಎಂತ ಮಾಡುದು?" ಎಂದೆ ಕಾರು ಓಡಿಸುತ್ತಾ.

"ಮುಂಚಿನ ದಿವಸ ಹೋಗದವಳು ಊಟದ ದಿವಸ ಯಾವ ಮುಖದಲ್ಲಿ ಎಲೆ ಎದುರು ಕೂರುದು?" ಎಂದರು.

ಅತ್ತಿಗೆ ಆ ರಾತ್ರಿ ಅಲ್ಲೇ ಉಳಿದರು. ಮರುದಿನ ಕರೆತರಲು ಹೋದಾಗ ಪ್ರೆಸೆಂಟೇಶನ್ ಶುರುವಾಗಿತ್ತು, ನಾನು ಬಾಗಿಲ ಬಳಿ ನಿಂತೆ. ಸಿಗ್ನಲ್ ಕೈಕೊಡಲಿಲ್ಲ. ಹುಡುಗಿ ಸ್ವಲ್ಪವೂ ತಡವರಿಸದೆ ತನ್ನ ಭಾಗ ಮುಗಿಸಿದಳು. ಮಗು ಅತ್ತಿಗೆಯ ಹೆಗಲ ಮೇಲಿತ್ತು. ಮುಂದಿನ ಸರದಿ ಅತ್ತಿಗೆಯದ್ದು. ಹುಡುಗಿ ಮಗುವನ್ನು ತೆಗೆದುಕೊಳ್ಳಲು ಕೈಚಾಚಿದ್ದೇ ತಡ, ಅದು ತಾರಸಿ ಹಾರಿಹೋಗುವ ಹಾಗೆ ಕಿರುಚಿತು. ಅತ್ತಿಗೆ ಕೊಡಲಿಲ್ಲ. ಹೆಗಲ ಮೇಲೇ ಇಟ್ಟುಕೊಂಡು, ಬೆನ್ನು ತಟ್ಟುತ್ತಾ, ಅತ್ತಿತ್ತ ತೂಗುತ್ತಾ ಶುರು ಮಾಡಿದರು. "ಗ್ರಾಮೀಣ ಗ್ರಾಹಕರೂ... ಜೋ ಜೋ... ಬೆಲೆಗಿಂತಲೂ ಹೆಚ್ಚೂ... ನಂಬಿಕೆಯನ್ನೂ... ಜೋ ಜೋ..." ಸಾಬೂನಿನ ಮಾರುಕಟ್ಟೆಯ ಬಗ್ಗೆ ಅಷ್ಟು ಇಂಪಾದ ಜೋಗುಳವನ್ನು ಈ ಜಗತ್ತು ಕೇಳಿರಲಿಕ್ಕಿಲ್ಲ! ಅರ್ಧಕ್ಕೆ ಬರುವಾಗ ಮಗು ನಿದ್ದೆಹೋಯಿತು. ಅತ್ತಿಗೆ ಮುಗಿಸಿದರು. ಪ್ರಶ್ನೆ ಕೇಳುವ ಸಮಯ. ಮೇಡಂ ಪರದೆಗೆ ಮುಖ ಹತ್ತಿರ ತಂದು, ಪಿಸುದನಿಯಲ್ಲಿ ಪ್ರಶ್ನೆ ಕೇಳಿದರು. ಅತ್ತಿಗೆ ಪಿಸುದನಿಯಲ್ಲೇ ಉತ್ತರಿಸಿದರು.

ಆಲಂಕಾರಿಗೆ ಮರಳುವಾಗ ಅತ್ತಿಗೆಯ ಸೀರೆಯ ಹೆಗಲಿನ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಇತ್ತು.

"ಸೀರೆ ಹಾಳಾಯ್ತಲ್ಲ ಅತ್ತಿಗೆ."

"ಇರ್ಲಿ." ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು. "ದೊಡ್ಡ ಮಗಳು ಹುಟ್ಟಿದ ವರ್ಷ ನಂಗೆ ಡಿಗ್ರಿಯ ಕೊನೇ ಪರೀಕ್ಷೆ ಇತ್ತು ಮಾರಾಯ. ಕೈಯಲ್ಲಿ ಹಾಲ್ ಟಿಕೆಟ್, ಸೊಂಟದಲ್ಲಿ ಮಗು. ಹಿಡ್ಕೊಳ್ತೇನೆ ಹೇಳಿದವರು ಬರ್ಲಿಲ್ಲ. ಕಾಲೇಜಿನ ಗೇಟಿನ ಹತ್ರ ಬೆಲ್ ಹೊಡಿಯುವವರೆಗೆ ನಿಂತಿದ್ದೆ. ಮತ್ತೆ ಮನೆಗೆ ಬಂದೆ. ಅಷ್ಟೇ."

ಇಷ್ಟು ವರ್ಷ ಅವರು ಈ ಮಾತನ್ನು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಪುತ್ತೂರು ದಾಟಿದ ಮೇಲೆ ತಿರುಗಿ ನೋಡಿದರೆ ಅತ್ತಿಗೆ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದರು.

ಕಾರನ್ನು ಬದಿಗೆ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದೆ. "ಅತ್ತಿಗೆ ಬರುವಾಗ ಊಟ ತಯಾರಿರ್ಬೇಕು. ಅನ್ನ ನೀನೇ ಇಡು."

ಆ ಕಡೆ ಪಾತ್ರೆಗಳು ಉರುಳಿದ ಸದ್ದಾಯಿತು. ಆಮೇಲೆ ಡಿಗ್ರಿ ಆದ ಅಣ್ಣ ಕೇಳಿದ. "ನೀರು ಎಷ್ಟು ಹಾಕುದು ಮಾರಾಯ?"

ಅತ್ತಿಗೆಗೆ ಎಚ್ಚರವಾಗದ ಹಾಗೆ, ಪಿಸುದನಿಯಲ್ಲಿ ಹೇಳಿಕೊಟ್ಟೆ.