ಸಾಹೇಬರ ರೈಲು ಮತ್ತೆ ಹಳಿಗೆ ಬಂದದ್ದು

ಕಚೇರಿಯ ಎಲ್ಲ ಕಂಪ್ಯೂಟರುಗಳಿಂದಲೂ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಬೇಕೆಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಾಗ ನೀರು ಸರಬರಾಜು ಶಾಖೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸುತ್ತೋಲೆಗಳು ಬರುತ್ತವೆ, ಫೈಲಿಗೆ ಸೇರುತ್ತವೆ. ಅದು ಅವುಗಳ ಹಣೆಬರಹ. ಆದರೆ ಈ ಸಲ ಸುತ್ತೋಲೆಯ ಬೆನ್ನಿಗೇ ಇಬ್ಬರು ಮನುಷ್ಯರೂ ಬಂದರು. ಹಳೆಯ ಯಂತ್ರಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿ, ಲಿನಕ್ಸ್ ಹಾಕಿದ ಹೊಸವನ್ನು ಕೂರಿಸಿ, ಅವುಗಳಲ್ಲಿ ಬೇರೇನೂ ಸೇರಿಸಲಾಗದಂತೆ ಬೀಗ ಜಡಿದು, ಚಹಾ ಕುಡಿದು ಹೋದರು. ಸಾಹೇಬರ ರೈಲಾಟವೂ ಅವರ ಜೊತೆಗೇ ಹೋಯಿತೆಂಬುದು ಗೊತ್ತಾದದ್ದು ಆಮೇಲೆ.

ರೈಲಾಟ ಇಪ್ಪತ್ತು ವರ್ಷ ಹಳೆಯದು. ಪರದೆಯ ತುಂಬ ಹಳಿಗಳು. ನಾಲ್ಕೂ ಕಡೆಯಿಂದ ರೈಲುಗಳು ಬರುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಹಳಿ ಬದಲಿಸುತ್ತಿರಬೇಕು, ಅಷ್ಟೇ. ಸಾಹೇಬರು ಬೆಳಿಗ್ಗೆ ಹತ್ತೂವರೆಗೆ ಮೊದಲ ರೈಲು ಬಿಟ್ಟರೆ ಸಂಜೆ ಐದಕ್ಕೆ ಕೊನೆಯದನ್ನು ನಿಲ್ದಾಣ ಸೇರಿಸಿಯೇ ಏಳುತ್ತಿದ್ದರು. ನಾನೂರ ಹನ್ನೆರಡು ರೈಲುಗಳನ್ನು ಅಪಘಾತವಿಲ್ಲದೆ ದಾಟಿಸಿದ್ದು ಅವರ ದಾಖಲೆ. ಊರಿನ ನಲ್ಲಿಗಳಲ್ಲಿ ನೀರು ಬರುತ್ತಿತ್ತೋ ಇಲ್ಲವೋ, ಅವರ ರೈಲುಗಳು ಮಾತ್ರ ವೇಳೆಗೆ ಸರಿಯಾಗಿ ಓಡುತ್ತಿದ್ದವು.

ಆಟ ಹೋದಂದಿನಿಂದ ಸಾಹೇಬರು ಮುಖ ಗಂಟಿಕ್ಕಿಕೊಂಡು, ಕೋಣೆಯ ಬಾಗಿಲು ಮುಚ್ಚಿಕೊಂಡು ಕೂತಿದ್ದರು. ಚಹಾ ಕೊಂಡೊಯ್ದ ಜವಾನನಿಗೂ ಬೈಗುಳ ಬಿದ್ದಿತ್ತು. ಹೀಗೆ ಎಂಟು ದಿನ ಕಳೆಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ನಕ್ಷೆ ಗುಮಾಸ್ತ ಹೆದರಿಕೊಂಡೇ ಕಚೇರಿಗೆ ಬಂದ. ಊರಿನ ಕೊಳವೆಗಳೆಲ್ಲ ಎಲ್ಲೆಲ್ಲಿ ಹೂತಿವೆಯೆಂಬ ನಕ್ಷೆಗಳು ಅವನ ಕಪಾಟಿನಲ್ಲಿದ್ದವು. ಅವನ ಸಂಸಾರ ಮಾತ್ರ ಅವನ ಕೈಗೆ ಸಿಕ್ಕದಷ್ಟು ದೂರದಲ್ಲಿತ್ತು. ಹೆಂಡತಿ ಹತ್ತು ಗಂಟೆ ಬಸ್ಸಿನ ದಾರಿಯಾಚೆಯ ಆಸ್ಪತ್ರೆಯಲ್ಲಿ ನರ್ಸು, ಮಗಳು ಅವಳ ಬಳಿ. ಆ ಊರಿಗೆ ವರ್ಗ ಕೇಳಿ ಅವನು ಅರ್ಜಿ ಹಾಕಿ ಮೂರು ವರ್ಷವಾಗಿತ್ತು. ಸಾಹೇಬರ ಮೇಜಿನ ಮೇಲಿನ ರಾಶಿಯಲ್ಲಿ ಅದು ಎಲ್ಲೋ ಮಲಗಿತ್ತು. ಈ ವರ್ಷದ ವರ್ಗಾವಣೆಗೆ ಇವತ್ತೇ ಕೊನೆಯ ದಿನ. ಸಾಯಂಕಾಲ ನಾಲ್ಕರ ಟಪಾಲು ಗಾಡಿಯಲ್ಲಿ ಸಾಹೇಬರ ಸಹಿಯಾದ ಕಾಗದ ಹೋಗದಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ನಿಮ್ಮ ಮಗಳು ಮನೆ ಚಿತ್ರ ಬರೆದಿದ್ದಾಳೆ ನೋಡಿ. ಬಾಗಿಲಲ್ಲಿ ನಾನಿದ್ದೀನಿ, ಅವಳಿದ್ದಾಳೆ. ಅಪ್ಪ ಎಲ್ಲಿ ಅಂದ್ರೆ, ಒಂದು ಫೋನ್ ಬರೆದು ತೋರಿಸ್ತಾಳೆ."

ಗುಮಾಸ್ತ ನಗಲು ಹೋಗಿ ಆಗದೆ, "ಇವತ್ತು ಏನಾದ್ರೂ ಮಾಡ್ತೀನಿ ಕಣೆ," ಎಂದ.

"ಈ ಮೂಡಲ್ಲಿ ಸಹಿ ಕೇಳಿದ್ರೆ ಪೆನ್ನು ನಿಮ್ಮ ಮೇಲೇ ಬೀಳುತ್ತೆ," ಎಂದರು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ. ಕಚೇರಿಯಲ್ಲಿ ಯಾರ ಕಷ್ಟವೂ ಅವರ ಅಭಿಪ್ರಾಯ ಪಡೆಯದೆ ಮುಂದುವರಿಯುತ್ತಿರಲಿಲ್ಲ. "ಮೊದಲು ಮನುಷ್ಯನ್ನ ನಗಿಸಬೇಕು, ಆಮೇಲೆ ಕಾಗದ ಮುಂದಿಡಬೇಕು. ನೀವು ಮನೇಲಿ ಹಳೇ ಆಟ ಎಲ್ಲ ಓಡಿಸ್ತೀರಲ್ಲ, ಆ ಅಂಗೈಯಷ್ಟು ಕಂಪ್ಯೂಟರ್ ತಗೊಂಡು, ಅದನ್ನ ಯಾಕೆ ತರಬಾರದು?"

ಮಾತು ನಿಜವಾಗಿತ್ತು. ಹೆಂಡತಿ ಮಗಳಿಲ್ಲದ ಸಂಜೆಗಳಲ್ಲಿ ಗಂಡಸರು ಏನೇನೋ ಕಲಿಯುತ್ತಾರೆ. ಇವನು ಕಲಿತದ್ದು ಇದೊಂದೇ. ಇಸ್ಪೀಟು ಎಲೆಯಷ್ಟಗಲದ ಒಂದು ಬೋರ್ಡಿಗೆ ಲಿನಕ್ಸ್ ಹಾಕಿ, ವಿಂಡೋಸಿನ ಕಾಲದ ಆಟಗಳನ್ನೆಲ್ಲ ಅದರಲ್ಲಿ ಕುಣಿಸುತ್ತಿದ್ದ. ಸ್ಕೂಟರ್ ಹತ್ತಿ ಮನೆಗೆ ಹೋಗಿ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದವನೇ ಸಾಹೇಬರ ಬಾಗಿಲು ತಟ್ಟಿದ.

ಸಾಹೇಬರು ಕೈಯಲ್ಲಿ ಪೆನ್ನು ಹಿಡಿದು, ಹುಳಿ ಕಚ್ಚಿದ ಮುಖ ಮಾಡಿಕೊಂಡು ಕೂತಿದ್ದರು. "ಏನ್ರೀ?"

"ಸಾರ್, ತಾವು ಅಪ್ಪಣೆ ಕೊಟ್ಟರೆ, ರೈಲು ಓಡಿಸಿ ಕೊಡ್ತೀನಿ."

"ಯಾವ ರೈಲು?" ಎಂದರು ಸಾಹೇಬರು, ಗಾಂಭೀರ್ಯ ಬಿಡದೆ. ಆಮೇಲೆ ಪೆನ್ನು ಕೆಳಗಿಟ್ಟು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು. "ನನ್ನ ನಾನೂರ ಹನ್ನೆರಡೂ ಬರುತ್ತಾ?"

ಆಟವೂ ಆ ಅಂಕಿಯೂ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿದ್ದವು. ಹಳೆಯ ಕಂಪ್ಯೂಟರು ಉಗ್ರಾಣದಲ್ಲಿತ್ತು. ಉಗ್ರಾಣ ಸ್ಟೋರ್ ಕೀಪರರ ಕೈಯಲ್ಲಿತ್ತು.

"ಅದು ಕಂಡಮ್ ಆದ, ಗುಜರಿಗೆ ಹೋಗೋ ಸಾಮಾನು ಕಣ್ರೀ," ಎಂದರು ಸ್ಟೋರ್ ಕೀಪರರು. "ಚೆನ್ನಾಗಿರೋ ಸಾಮಾನು ಕಳೆದ್ರೆ ಯಾರೂ ಕೇಳಲ್ಲ. ಕಂಡಮ್ ಆದದ್ದರಲ್ಲಿ ಒಂದು ಸ್ಕ್ರೂ ಕಮ್ಮಿ ಆದ್ರೂ ನಾನು ಉತ್ತರ ಹೇಳ್ಬೇಕು. ಮೂರು ಪ್ರತಿ ಅರ್ಜಿ ತನ್ನಿ."

"ಸಾಹೇಬರಿಗೆ ಬೇಕಂತೆ."

"ಮೊದಲೇ ಹೇಳಬಾರದಾ. ನಾನೇ ಬಿಚ್ತೀನಿ." ಅವರು ಕೊಳವೆ ಬಿಗಿಯುವ ಪಾನಾ ತಂದು ಕಂಪ್ಯೂಟರಿನ ಮೇಲೆ ಬಿದ್ದರು. ಅರ್ಧ ಗಂಟೆಯಲ್ಲಿ ಹಾರ್ಡ್ ಡಿಸ್ಕ್ ಹೊರಗೆ ಬಂತು. ಜೊತೆಗೆ ಹಲ್ಲಿಯ ಮೂರು ಮೊಟ್ಟೆಗಳೂ ಬಂದವು. ಅಲ್ಲಿಂದ ಮುಂದೆ ಸ್ಟೋರ್ ಕೀಪರರು ಗುಮಾಸ್ತನ ಬೆನ್ನು ಬಿಡಲಿಲ್ಲ.

ಹನ್ನೆರಡಕ್ಕೆ ಡಿಸ್ಕನ್ನು ಬೋರ್ಡಿಗೂ ಬೋರ್ಡನ್ನು ಸಾಹೇಬರ ಪರದೆಗೂ ಜೋಡಿಸಿದ್ದಾಯಿತು. "ಇಷ್ಟೇನಾ?" ಎಂದರು ಸಾಹೇಬರು, ಮಾತ್ರೆಯ ಗಾತ್ರ ನೋಡಿ ವೈದ್ಯನನ್ನು ಅನುಮಾನಿಸುವ ರೋಗಿಯ ಹಾಗೆ.

ಗುಮಾಸ್ತ ವಿವರಿಸಿದ. "ಆಟಕ್ಕೆ ಗೊತ್ತಿರೋದು ವಿಂಡೋಸ್ ಭಾಷೆ ಸಾರ್, ಇದಕ್ಕೆ ಲಿನಕ್ಸ್ ಭಾಷೆ. ಅದಕ್ಕೆ ಮಧ್ಯೆ ಒಬ್ಬ ದುಭಾಷಿನ ಕೂರಿಸ್ತೀನಿ. ಇದರ ಚಿಪ್ ಬೇರೆ ಮೊಬೈಲ್ ಫೋನಿನ ಜಾತಿದು. ಅದಕ್ಕೆ ಇನ್ನೊಬ್ಬ ದುಭಾಷಿ."

"ಮಧ್ಯೆ ಇಬ್ಬರಿದ್ರೆ ಕೆಲಸ ತಡ ಆಗಲ್ವೇನ್ರೀ?"

"ಸ್ವಲ್ಪ ಆಗುತ್ತೆ ಸಾರ್."

"ಹೋಗ್ಲಿ ಬಿಡಿ, ನಮ್ಮ ಇಲಾಖೆಗಿಂತ ವಾಸಿ," ಎಂದರು ಸಾಹೇಬರು. ಮೊದಲನೆಯ ದುಭಾಷಿಯ ಹೆಸರು ವೈನ್ ಎಂಬುದನ್ನು ಗುಮಾಸ್ತ ಹೇಳಲಿಲ್ಲ. ಹಗಲು ಹೊತ್ತಿನಲ್ಲಿ ಕಚೇರಿಯೊಳಗೆ ಎತ್ತಬಾರದ ಹೆಸರುಗಳು ಯಾವುವೆಂಬ ತಿಳಿವಳಿಕೆ ಅವನಿಗಿತ್ತು.

ಆಟ ತೆರೆಯಿತು. ಹಳಿಗಳು ಕಂಡವು, ಮೇಲೆ ನಾನೂರ ಹನ್ನೆರಡೂ ಕಂಡಿತು. ಸಾಹೇಬರ ಮುಖದಲ್ಲಿ ಎಂಟು ದಿನದ ಮೇಲೆ ಬೆಳಕು ಮೂಡಿತು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತೊಂದು ಹೊಳೆಯಿತು, ಮರುಕ್ಷಣ ಎಲ್ಲ ಕಪ್ಪಾಯಿತು.

"ಕರೆಂಟ್ ಸಾಲ್ತಿಲ್ಲ ಸಾರ್. ಇದಕ್ಕೆ ಹಾಕಿರೋ ಈ ಫೋನ್ ಚಾರ್ಜರ್ ಯಾರದು?"

"ನಂದು," ಎಂದರು ಸ್ಟೋರ್ ಕೀಪರರು. "ಹನ್ನೊಂದು ವರ್ಷದಿಂದ ಒಂದು ದಿನವೂ ಕೈ ಕೊಟ್ಟಿಲ್ಲ." ಟೈಪಿಸ್ಟ್ ಅಕ್ಕನ ಹೊಸ ಚಾರ್ಜರ್ ಬಂತು. ಚಾರ್ಜರಿನ ಹಿಂದೆಯೇ, ಅದನ್ನು ಜೋಪಾನ ಮಾಡಲು ಟೈಪಿಸ್ಟ್ ಅಕ್ಕನೂ ಬಂದು ಕೂತರು.

ಈಗ ರೈಲು ಹೊರಟಿತು. ಆದರೆ ಅದರ ಓಟ ನೋಡಿದರೆ ಪ್ರಯಾಣಿಕರು ಇಳಿದು ಚಹಾ ಕುಡಿದು ಮತ್ತೆ ಹತ್ತಬಹುದಾಗಿತ್ತು. ಬೋರ್ಡು ಕಾವಲಿಯಂತೆ ಕಾದಿತ್ತು. ಸ್ಟೋರ್ ಕೀಪರರು ಒದ್ದೆ ಬಟ್ಟೆ ಹೊದಿಸೋಣವೆಂದರು. ಗುಮಾಸ್ತ ಎರಡೂ ಕೈ ಅಡ್ಡ ಹಿಡಿದು ಅದನ್ನು ಉಳಿಸಿಕೊಂಡ. ಟೇಬಲ್ ಫ್ಯಾನನ್ನು ಸಾಹೇಬರಿಂದ ಬೋರ್ಡಿನ ಕಡೆಗೆ ತಿರುಗಿಸಿದ. ಚಿತ್ರದ ಗಾತ್ರ ಇಳಿಸಿ, ಬೇಡದ್ದನ್ನೆಲ್ಲ ಮುಚ್ಚಿ, ದುಭಾಷಿಗಳಿಗೆ ಒಂದೊಂದಾಗಿ ಬುದ್ಧಿ ಹೇಳಿದ. ಊಟದ ಡಬ್ಬಿ ಮುಚ್ಚಿಕೊಂಡೇ ಇತ್ತು. ಸಾಹೇಬರು ಬೆವರು ಒರೆಸಿಕೊಳ್ಳುತ್ತ ಕೂತರೇ ಹೊರತು ಎದ್ದು ಹೋಗಲಿಲ್ಲ.

ಮೂರು ಗಂಟೆಗೆ ರೈಲು ಮೊದಲಿನ ವೇಗದಲ್ಲಿ ಓಡತೊಡಗಿತು. ಅದೇ ಹೊತ್ತಿಗೆ ಬಾಗಿಲು ದೂಡಿಕೊಂಡು ಏಳನೇ ಅಡ್ಡರಸ್ತೆಯ ಜನ ಖಾಲಿ ಬಕೆಟ್ ಹಿಡಿದು ಒಳಗೆ ಬಂದರು. ಮುಂದಾಳು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು.

"ಹತ್ತು ದಿನದಿಂದ ನೀರಿಲ್ಲ," ಎಂದು ಮೇಷ್ಟ್ರು ಶುರು ಮಾಡುವಷ್ಟರಲ್ಲಿ ಪರದೆಯಿಂದ 'ಕೂ' ಎಂದು ಶಿಳ್ಳೆ ಹೊರಟಿತು. ಆ ಪರದೆಗೆ ಸ್ಪೀಕರಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಬಗ್ಗಿ ನೋಡಿದರು. "ಏನಿದು?"

ಗುಮಾಸ್ತನ ಜೀವ ಬಾಯಿಗೆ ಬಂತು. ಸಾಹೇಬರು ಮಾತ್ರ ಅಲುಗಲಿಲ್ಲ. "ನಿಮ್ಮ ಬಡಾವಣೆಯ ಪೈಪ್‌ಲೈನು. ಹೊಸ ವ್ಯವಸ್ಥೆ. ಇವರೇ ನಮ್ಮ ನಕ್ಷೆಯವರು, ಬೇಕಾದ್ರೆ ಕೇಳಿ."

"ಹೌದು," ಎಂದ ಗುಮಾಸ್ತ. ಹೌದೆನ್ನದೆ ಅವನಿಗೆ ಬೇರೆ ದಾರಿಯಿರಲಿಲ್ಲ.

"ಶಿಳ್ಳೆ?"

"ಒತ್ತಡ ಜಾಸ್ತಿ ಆದಾಗ ಹೊಡೆಯುತ್ತೆ," ಎಂದರು ಸಾಹೇಬರು.

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. "ಆ ಕೆಂಪಗೆ ಉದ್ದಕ್ಕೆ ಹೋಗ್ತಿರೋದು?"

"ಅದೇ ನಿಮ್ಮ ನೀರು."

"ನಮ್ಮ ಕಡೆಗೇ ಬರ್ತಿದೆಯಾ?"

"ನೋಡ್ತಾ ಇರಿ."

ಬಕೆಟ್ಟುಗಳೆಲ್ಲ ಕೆಳಗಿಳಿದವು. ಹತ್ತು ಜನ ಉಸಿರು ಬಿಗಿಹಿಡಿದು ತಮ್ಮ ನೀರು ಬರುವುದನ್ನು ನೋಡಿದರು. ಮಾತಿನ ಭರದಲ್ಲಿ ಸಾಹೇಬರು ಹಳಿ ಬದಲಿಸಲು ಮರೆತರು. ಎದುರಿನಿಂದ ಹಸಿರು ರೈಲು ಬಂದು ಕೆಂಪಿಗೆ ಡಿಕ್ಕಿ ಹೊಡೆದು, ಪರದೆಯ ತುಂಬ ಬೆಂಕಿ ಎದ್ದಿತು.

"ಒಡೀತು," ಎಂದರು ಸಾಹೇಬರು ನಿಜವಾದ ದುಃಖದಿಂದ. "ನೋಡಿದ್ರಲ್ಲ, ಕಣ್ಣೆದುರಿಗೇ."

ಮೇಷ್ಟ್ರು ಕೆಳಗಿಟ್ಟ ಬಕೆಟ್ ಎತ್ತಿಕೊಂಡರು. "ಪಾಪ, ನೀವಾದ್ರೂ ಏನು ಮಾಡ್ತೀರಿ," ಎಂದು ಸಾಹೇಬರ ಕೈ ಕುಲುಕಿ, ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋದರು.

ಸಾಹೇಬರು ಕುರ್ಚಿಗೊರಗಿ ಹೊಟ್ಟೆ ಹಿಡಿದು ನಕ್ಕರು. ಟೈಪಿಸ್ಟ್ ಅಕ್ಕ ಗುಮಾಸ್ತನಿಗೆ ಕಣ್ಣಲ್ಲೇ ಸನ್ನೆ ಮಾಡಿ, ಸ್ಟೋರ್ ಕೀಪರರನ್ನು ಎಬ್ಬಿಸಿಕೊಂಡು ಹೊರಗೆ ಹೋದರು. ಆಗ ಮೂರೂವರೆ.

"ಸಾರ್," ಎಂದು ಗುಮಾಸ್ತ ಬಾಯಿ ತೆರೆದ.

"ಭಲೇ ಮನುಷ್ಯ ಕಣ್ರೀ ನೀವು," ಎಂದರು ಸಾಹೇಬರು. "ಅಲ್ಲಾ, ಇದು ಮತ್ತೆ ನಿಂತ್ರೆ?"

"ಆಗಾಗ ನಿಲ್ಲುತ್ತೆ ಸಾರ್. ಹೆದರಬೇಡಿ, ನಾನಿದ್ದೀನಲ್ಲ."

"ಬೇರೆ ಯಾರಿಗಾದ್ರೂ ಬರುತ್ತಾ ಈ ಕೆಲಸ?"

ಅಷ್ಟು ವರ್ಷದ ನೌಕರಿಯಲ್ಲಿ ಮೊದಲ ಬಾರಿ ಹೊಗಳಿಸಿಕೊಂಡ ಗುಮಾಸ್ತನ ಎದೆ ಉಬ್ಬಿತ್ತು. "ಈ ಊರಲ್ಲೇ ಯಾರಿಗೂ ಬರಲ್ಲ ಸಾರ್."

ಸಾಹೇಬರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಗಡಿಯಾರ ನೋಡಿ, ಗಡಿಬಿಡಿಯಿಂದ ಗಂಟೆ ಒತ್ತಿದರು. "ನೀವು ಸ್ವಲ್ಪ ಹೊರಗಿರಿ. ನಿಮ್ಮ ವಿಷಯಾನೇ."

ಜವಾನ ಒಳಗೆ ಹೋದವನು ಅರ್ಧ ನಿಮಿಷದಲ್ಲಿ ಓಡಿ ಬಂದ. "ನಿಮ್ಮ ಸ್ಕೂಟರ್ ಕೊಡ್ತೀರಾ ಸ್ವಾಮಿ? ಟಪಾಲು ಗಾಡಿ ಇವತ್ತು ಬೇಗ ಬಿಟ್ಟಿದೆ. ಹೇಗಾದ್ರೂ ಮಾಡಿ ಹಿಡಿ ಅಂದಿದ್ದಾರೆ ಸಾಹೇಬ್ರು. ನಿಮ್ಮ ವರ್ಗಾವಣೆ ಕಾಗದದ ವಿಷಯ."

ಗುಮಾಸ್ತನಿಗೆ ಕಣ್ಣು ತುಂಬಿ ಬಂತು. ಎರಡೂ ಕೈಯಿಂದ ಕೀಲಿ ಕೊಟ್ಟ. "ಪೆಟ್ರೋಲ್ ಹಾಕಿಸಿದ್ದೀನಿ. ಹೊಳೆ ರಸ್ತೆಯಲ್ಲಿ ಹೋಗಿ, ಹತ್ತಿರ ಆಗುತ್ತೆ," ಎಂದು ಗೇಟಿನವರೆಗೂ ಹಿಂದೆ ಓಡಿದ. ಬಂದು ಹೆಂಡತಿಗೆ ಫೋನು ಮಾಡಿ, "ಆಯ್ತು ಅಂತಲೇ ತಿಳ್ಕೋ," ಎಂದ. ಆ ಕಡೆಯಿಂದ ಮಗಳು ಕಿರುಚಿಕೊಂಡು ಮನೆಯೆಲ್ಲ ಓಡಾಡಿದ್ದು ಇವನಿಗೆ ಕೇಳಿಸಿತು. ಟೈಪಿಸ್ಟ್ ಅಕ್ಕ, ಹೋಗುವ ಮುಂಚೆ ಎಲ್ಲರಿಗೂ ಊಟ ಹಾಕಿಸಬೇಕೆಂದು ಗೊತ್ತುಮಾಡಿದರು.

ನಾಲ್ಕೂಕಾಲು ಗಂಟೆಗೆ ಜವಾನ ವಾಪಸು ಬಂದ. ಕೈಯಲ್ಲಿ ಒಂದು ಲಕೋಟೆ ಇತ್ತು.

"ಗಾಡಿ ಸಿಗಲಿಲ್ವಾ?" ಎಂದು ಗುಮಾಸ್ತ ಎದ್ದು ನಿಂತ.

"ಸಿಕ್ತು ಸ್ವಾಮಿ, ಸೇತುವೆ ಹತ್ತಿರ. ನಿಮ್ಮ ಹೊಳೆ ರಸ್ತೆ ಇಲ್ದಿದ್ರೆ ತಪ್ಪಿಹೋಗ್ತಿತ್ತು," ಎಂದು ಜವಾನ ಲಕೋಟೆಯನ್ನು ಒಳಗೆ ಕೊಟ್ಟು, "ಕರೀತಿದ್ದಾರೆ," ಎಂದ.

ಸಾಹೇಬರ ಕಣ್ಣು ಪರದೆಯ ಮೇಲಿತ್ತು. ಲಕೋಟೆ ಮೇಜಿನ ಮೇಲೆ ಒಡೆದು ಬಿದ್ದಿತ್ತು, ಒಳಗಿನ ಕಾಗದ ಎರಡು ತುಂಡಾಗಿತ್ತು.

"ಕೂತ್ಕೊಳ್ಳಿ. ಏನಾಗಿತ್ತು ಗೊತ್ತೇನ್ರೀ? ಈ ಆಟ ಇಲ್ದೆ ಎಂಟು ದಿನ ಹೊತ್ತು ಹೋಗದೆ, ಬೇಜಾರಿಗೆ ಒಂದೊಂದೇ ಹಳೇ ಫೈಲ್ ತೆಗೆದು ಸಹಿ ಹಾಕ್ತಾ ಕೂತಿದ್ದೆ. ಮೂರು ವರ್ಷದ ರಾಶಿ ಖಾಲಿ. ನಿಮ್ಮ ವರ್ಗಾವಣೆಗೂ ಬೆಳಿಗ್ಗೆ ಹತ್ತೂವರೆಗೇ ಸಹಿ ಹಾಕಿ, ಟಪಾಲಿಗೆ ಕಳಿಸಿಬಿಟ್ಟಿದ್ದೆ. ಪುಣ್ಯಕ್ಕೆ ಸಮಯಕ್ಕೆ ನೆನಪಾಯ್ತು. ನೀವು ಹೋದ್ರೆ ಇದನ್ನ ನೋಡ್ಕೊಳ್ಳೋರು ಯಾರು?"

ಗುಮಾಸ್ತ ಬೆಳಿಗ್ಗೆ ಬಂದು ತನ್ನ ಮೇಜಿನಲ್ಲಿ ತೆಪ್ಪಗೆ ಕೂತಿದ್ದರೆ ಸಾಕಾಗಿತ್ತು. ಬೋರ್ಡಿನ ತಂತಿಯ ಮೇಲೆ ಅವನ ಕಣ್ಣು ಹೋಯಿತು. ಕಿತ್ತುಬಿಡಲೇ ಎನಿಸಿತು. ಕಿತ್ತರೆ ಮತ್ತೆ ಕೂಡಿಸಲು ಕರೆಯುವುದು ತನ್ನನ್ನೇ ಎಂಬುದೂ ಹೊಳೆಯಿತು. ಜೇಬಿನಲ್ಲಿ ಫೋನು ನಡುಗತೊಡಗಿತು. ಯಾವ ಬಸ್ಸಿಗೆ ಬರುತ್ತೀಯೆಂದು ಕೇಳಲು ಮಗಳೇ ಮಾಡಿರಬೇಕು.

"ಮುಂದಿನ ವರ್ಷ ನೋಡೋಣ," ಎಂದರು ಸಾಹೇಬರು ಹಳಿ ಬದಲಿಸುತ್ತ. "ಹೊರಗೆ ಹೋಗ್ತಾ ಬಾಗಿಲು ಸರಿಯಾಗಿ ಹಾಕ್ಕೊಂಡು ಹೋಗಿ. ಶಿಳ್ಳೆ ಜನಕ್ಕೆ ಕೇಳಿಸುತ್ತೆ."