ನಡುವಿನ ತಂತಿ

ಆ ವರ್ಷದ ದೀಪಾವಳಿಗೆ ಅಕ್ಕಲಕೋಟದ ನಮ್ಮ ಓಣಿಯೇ ಕಣ್ಣು ಮುಚ್ಚಿಕೊಳ್ಳುವಂಥ ಬೆಳಕು ನನ್ನ ಮನೆಯಲ್ಲಿ ಬೀಳಬೇಕು ಎಂದು ನಾನು ಪಣ ತೊಟ್ಟೆ. ಓಣಿಯ ಮಾತು ಬಾಯಿಗಷ್ಟೆ. ನಿಜ ಹೇಳಬೇಕೆಂದರೆ ಒಬ್ಬನೇ ಒಬ್ಬ ಕಣ್ಣು ಮುಚ್ಚಿಕೊಂಡರೆ ನನಗೆ ಸಾಕಿತ್ತು. ಅವನು ಗೋಡೆಯ ಆಚೆ ಇದ್ದ. ನನ್ನ ಒಡಹುಟ್ಟಿದ ಅಣ್ಣ, ಮಲಕಾಜಪ್ಪ!

ಅಪ್ಪ ಕಟ್ಟಿಸಿದ ವಾಡೆಗೆ ಸರಿಯಾಗಿ ನಡುವೆ ಗೋಡೆ ಎಬ್ಬಿಸಿ ನಾವಿಬ್ಬರೂ ಪಾಲು ಮಾಡಿಕೊಂಡಿದ್ದೆವು. ಹಂಡೆ ಹಂಚಿಕೊಂಡೆವು, ಕಿರಾಣಿ ಅಂಗಡಿ ಹಂಚಿಕೊಂಡೆವು, ಕೊನೆಗೆ ಮಾತನ್ನೂ ಹಂಚಿಕೊಂಡೆವು. ಅವನ ಮಾತು ಅವನ ಮನೆಯಲ್ಲಿ, ನನ್ನ ಮಾತು ನನ್ನ ಮನೆಯಲ್ಲಿ. ಹಂಚಲು ಬಾರದೆ ಉಳಿದದ್ದು ಎರಡೇ. ಹಿತ್ತಲಿನ ಬಾವಿಗೆ ಅಪ್ಪ ಕೂಡಿಸಿದ್ದ ಎಣ್ಣೆ ಎಂಜಿನ್ನು ಒಂದು, ಕಂದಲಗಾಂವಕ್ಕೆ ಕೊಟ್ಟ ನಮ್ಮ ಅಕ್ಕ ಗಂಗುಬಾಯಿ ಇನ್ನೊಂದು.

ಎಂಜಿನ್ನು ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ. ಅಕ್ಕ ಮಾತ್ರ ಅಕ್ಕನ ಬಿದಿಗೆಯ ದಿನ ತಮ್ಮಂದಿರಿಗೆ ಆರತಿ ಬೆಳಗಲು ಬಂದಾಗ, ಹಿರಿಯನೆಂದು ಅಣ್ಣನ ಹೊಸ್ತಿಲನ್ನೇ ಮೊದಲು ದಾಟುತ್ತಿದ್ದಳು. ನನ್ನ ಮನೆಗೆ ಬರುವಷ್ಟರಲ್ಲಿ ಆರತಿಯ ಬತ್ತಿ ಅರ್ಧ ಸುಟ್ಟಿರುತ್ತಿತ್ತು, ಅವಳ ಹೊಟ್ಟೆ ಪೂರ್ತಿ ತುಂಬಿರುತ್ತಿತ್ತು. ನನ್ನ ಹೆಂಡತಿ ನೀಲಗಂಗಾ ಮಾಡಿದ ಹೋಳಿಗೆ ತಣ್ಣಗಾಗಿ ಮೂಲೆ ಸೇರುತ್ತಿತ್ತು. ಈ ಸಲ ಹಾಗಾಗಕೂಡದು! ಟಾಂಗಾ ಓಣಿಯ ತಿರುವಿಗೆ ಬಂದಾಗ ಬೆಳಕು ಎಲ್ಲಿ ಹೆಚ್ಚೋ ಅಕ್ಕ ಅಲ್ಲಿ ತಾನೆ ಇಳಿಯುವುದು? ಈ ಮಹಾ ಯೋಜನೆಯನ್ನು ನೀಲಗಂಗಾಳಿಗೆ ವಿವರಿಸಿದೆ.

ಅವಳು ಹಿಟ್ಟು ನಾದುತ್ತಲೇ ಕೇಳಿದಳು, “ಅಕ್ಕಾರೇನು ದೀಪದ ಹುಳಾನ್ರಿ?”

ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತಿಗೆ ಕಿವಿಗೊಡಬಾರದು. ಆಗಿನ್ನೂ ನಮ್ಮ ಓಣಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ನಾನು ಸೊಲ್ಲಾಪುರಕ್ಕೆ ಹೋಗಿ, ಮಾತಾಡುವ ಸಿನಿಮಾ ಬಂದ ಮೇಲೆ ಬಾಗಿಲು ಹಾಕಿದ ಒಂದು ತಂಬು ಸಿನಿಮಾದ ಡೈನಮೊವನ್ನು ಮೋಡಕಾ ಅಂಗಡಿಯ ಹಳೇ ಕಬ್ಬಿಣದ ರಾಶಿಯಲ್ಲಿ ಹಿಡಿದು ತಂದೆ. ಅದರ ಜೋಡಿ ಅಲ್ಲೇ ಬಿದ್ದಿತ್ತು. ಮರುದಿನ ಅಣ್ಣ ಹೋಗಿ ಅದನ್ನು ತಂದ! ಹೀಗೆ ಅಪ್ಪನ ಒಂದು ಎಂಜಿನ್ನಿಗೆ ಎರಡು ತೊಗಲಿನ ಪಟ್ಟಾ, ಎರಡು ಡೈನಮೊ ಗಂಟುಬಿದ್ದವು.

ಜೋಡಿಸಲು ಬಂದವನು ಸೊಲ್ಲಾಪುರದ ಗಿರಣಿಯ ಮಿಸ್ತ್ರಿ ಅಮೋಗಸಿದ್ಧ. ಅವನ ಕೆಲಸ ನೋಡುತ್ತ ನಾನು ಅಂಗಡಿ ತೆರೆಯುವುದನ್ನೇ ಮರೆತೆ. ತಂತಿಯನ್ನು ಅವನು ಜಡೆ ಹಾಕುವಷ್ಟು ನಾಜೂಕಾಗಿ ಹೊಸೆಯುತ್ತಿದ್ದ. ಮನೆಗೆ ಎರಡರಂತೆ ಒಟ್ಟು ನಾಲ್ಕು ತಾಮ್ರದ ತಂತಿ ಬೇಕು ಎಂದ. ತಾಮ್ರ ಎಂದದ್ದೇ ತಡ, ಗೋಡೆಯ ಎರಡೂ ಕಡೆ ಒಂದೇ ಸಲಕ್ಕೆ ನಿಟ್ಟುಸಿರು ಕೇಳಿಸಿತು. ಎಷ್ಟೆಂದರೂ ಒಂದೇ ಅಪ್ಪನ ಮಕ್ಕಳು! ಅಮೋಗಸಿದ್ಧ ನಕ್ಕು ಇನ್ನೊಂದು ದಾರಿ ಹೇಳಿದ.

“ಹಂಗಾರ ಮೂರರಾಗ ಹೊಂದಸ್ತೀನ್ರಿ. ಎರಡೂ ಡೈನಮೊ ಒಂದರ ಬೆನ್ನಿಗೊಂದು ಜೋಡಸ್ತೀನಿ. ಆ ತುದಿ ಅಣ್ಣಾರಿಗೆ, ಈ ತುದಿ ನಿಮಗ, ನಡುವಿನ ತಂತಿ ಇಬ್ಬರಿಗೂ ಕೂಡಿ. ಖರೆ, ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ನಡು ಗಟ್ಟಿ ಇಲ್ಲಂದ್ರ ಮನ್ಯಾಗ ದಾಬ ನಿಲ್ಲೂದಿಲ್ಲ.”

ದಾಬ ಎಂದರೆ ವಿದ್ಯುತ್ತಿನ ಒತ್ತಡ, ಅಂದರೆ ವೋಲ್ಟೇಜು. ಆದರೆ ಒಳಗಿದ್ದ ನೀಲಗಂಗಾಳ ಕಿವಿಗೆ ಬಿದ್ದದ್ದು ನಡು ಮತ್ತು ಡಾಬು! ನಡುವಿಗೆ ಬಂಗಾರದ ಡಾಬು ಬೇಕೆಂದು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಳು, ನನ್ನ ಕಿವಿ ಆಗಿನಿಂದಲೂ ಮಂದ. ಕೊನೆಗೂ ಮನೆಗೊಬ್ಬ ತಿಳಿವಳಿಕೆಯ ಮನುಷ್ಯ ಬಂದನಲ್ಲ ಎಂದು ಅಮೋಗಸಿದ್ಧನ ಚಹಾಕ್ಕೆ ಸಕ್ಕರೆ ಹೆಚ್ಚು ಬಿತ್ತು. ನನ್ನದಕ್ಕೆ ಎಂದಿನಷ್ಟೇ.

ಮೊದಲ ಸಂಜೆ ಎಂಜಿನ್ನು ತಕ್ ತಕ್ ಎಂದು ಹೊರಟಿತು. ನಾನು ಗುಂಡಿ ಒತ್ತಿದೆ. ಪಡಸಾಲೆಯ ಬಲ್ಬು ಫಕ್ಕನೆ ಹೊತ್ತಿಕೊಂಡಿತು. ಎಣ್ಣೆಯಿಲ್ಲ, ಹೊಗೆಯಿಲ್ಲ, ಗಾಳಿಗೆ ಹೆದರಿಕೆಯಿಲ್ಲ! ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿ ನನ್ನ ಕಣ್ಣು ತುಂಬಿತು. ಗೋಡೆಯಾಚೆ ಅಣ್ಣನೂ ಸೊರ್ ಎಂದು ಮೂಗು ಏರಿಸಿದ. ನೆಗಡಿ ಇರಬೇಕು ಎಂದುಕೊಂಡೆ.

ಹಬ್ಬದ ದಿನಗಳು ಚೆನ್ನಾಗಿಯೇ ಕಳೆದವು. ಅಣ್ಣನ ಮನೆಯಲ್ಲಿ ನಾಲ್ಕೇ ಬಲ್ಬು. ನಾನು ಕೋಣೆಕೋಣೆಗೆ ಹಾಕಿಸಿ, ಬಿದಿಗೆಯ ದಿನಕ್ಕೆಂದು ಇನ್ನಷ್ಟು ತಂದಿದ್ದೆ. ಅಂದು ಮಧ್ಯಾಹ್ನ ಮತ್ತೊಂದು ಯೋಚನೆ ಹೊಳೆಯಿತು. ನಡುಗೋಡೆಯ ನೆತ್ತಿಯ ಮೇಲೆ ಬಿದಿರು ಗಳ ನಿಲ್ಲಿಸಿ, ಆಕಾಶಬುಟ್ಟಿಯೊಳಗೆ ಬಲ್ಬು ಇಟ್ಟರೆ ಅಕ್ಕನಿಗೆ ಓಣಿಯ ಹೊರಗಿನಿಂದಲೇ ಕಾಣುತ್ತದೆ! ಏಣಿ ಹತ್ತಿ ಒಂದು ದೊಡ್ಡ ಕಬ್ಬಿಣದ ಮೊಳೆಯನ್ನು ಗೋಡೆಗೆ ಬಡಿದೆ. ಒಂದೊಂದು ಏಟಿಗೂ ಅಣ್ಣನ ಮುಖ ನೆನೆಸಿಕೊಂಡು ಬಡಿದೆ. ಪಕ್ಕದಲ್ಲಿ ಮಿಸ್ತ್ರಿ ಕೂಡಿಸಿದ್ದ ಬಿಳಿ ಪಿಂಗಾಣಿ ಡಬ್ಬಿ ಗಡಗಡ ನಡುಗಿತು. ನಡುಗಲಿ ಬಿಡಿ.

ಸಂಜೆಯಾಯಿತು, ಎಂಜಿನ್ನು ಹೊರಟಿತು. ಮನೆಯ ಎಲ್ಲ ಗುಂಡಿಗಳನ್ನೂ ಒತ್ತಿ ಅಂಗಳದಲ್ಲಿ ನಿಂತು ನೋಡುತ್ತೇನೆ, ಬಲ್ಬುಗಳೆಲ್ಲ ಬೀಡಿಯ ತುದಿಯಷ್ಟು ಕೆಂಪಗಿವೆ! ಆಕಾಶಬುಟ್ಟಿಯ ಬೆಳಕು ಆಕಾಶದಲ್ಲೂ ಇಲ್ಲ, ಬುಟ್ಟಿಯಲ್ಲೂ ಇಲ್ಲ. ಅತ್ತ ಅಣ್ಣನ ಮನೆಯ ಆ ನಾಲ್ಕು ಬಲ್ಬುಗಳು ಹಾಲಿನಂಥ ಬೆಳಕು ಚೆಲ್ಲುತ್ತಿವೆ. ಅಣ್ಣ ತನ್ನ ಹೆಂಡತಿಗೆ ಹೇಳುವ ನೆಪದಲ್ಲಿ ನನಗೆ ಕೇಳಿಸುವಂತೆ ದನಿ ಎತ್ತಿದ.

“ಶಾರದಾ, ಬೆಳಕು ಭಾಳ ಆತು. ಕಣ್ಣಿಗೆ ತ್ರಾಸ ಆಗಾಕತ್ತೈತಿ.”

ನನ್ನ ಬೆಳಕನ್ನು ಕದಿಯುತ್ತಿದ್ದಾನೆ! ಅನುಮಾನವೇ ಇಲ್ಲ. ಅಷ್ಟರಲ್ಲಿ ನೀಲಗಂಗಾ ಒಳಗಿನಿಂದ ಕರೆದಳು.

“ಏನ್ರಿ, ಅಡಗಿಮನಿ ದೀಪಾ ಆರಿಸಿದ್ರ ಪಡಸಾಲಿದು ತುಸು ಬೆಳಗತೈತಿ ನೋಡ್ರಿ.”

“ದೀಪಾ ಆರಿಸಿದ್ರ ಬೆಳಕ ಹೆಚ್ಚ ಆಗತೈತೇನು? ಯಾವ ಊರಿನ ಶಾಸ್ತ್ರ ಇದು?” ಎಂದು ಗದರಿ, ಎತ್ತಿಟ್ಟಿದ್ದ ಬಲ್ಬುಗಳನ್ನೂ ಹಚ್ಚಿದೆ. ನಮ್ಮದು ಇನ್ನೂ ಮಂಕಾಯಿತು. ಅವರದು ಇನ್ನೂ ಉರಿಯಿತು. ಮತ್ತೊಂದು ಹಚ್ಚಿದೆ.

ಪಟ್! ಗೋಡೆಯಾಚೆ ಸದ್ದಾಯಿತು. ಹಬ್ಬದ ಪಟಾಕಿ ಎಂದುಕೊಂಡೆ. ಪಟ್! ಪಟ್! ಶಾರದಾಬಾಯಿ ವೈನಿ ಕೂಗಿಕೊಂಡರು. ನಾಲ್ಕನೆಯ ಪಟ್ ಆದ ಗಳಿಗೆಗೆ ನಮ್ಮ ಮನೆಯ ಬೀಡಿಗಳೂ ಒಟ್ಟಿಗೇ ಆರಿಹೋದವು. ಎರಡೂ ಮನೆಗಳಲ್ಲಿ ಕಗ್ಗತ್ತಲೆ. ಭಾರ ಇಳಿದ ಎಂಜಿನ್ನು ಮಾತ್ರ ಹಿತ್ತಲಲ್ಲಿ ಮೊದಲಿಗಿಂತ ಹುರುಪಿನಿಂದ ಬಡಿದುಕೊಳ್ಳುತ್ತಿತ್ತು.

“ಸಾತ್ಯಾ, ನನ್ನ ದೀಪಾ ಒಡದಿ!” ಎಂದು ಗೋಡೆಯ ಆ ಕಡೆಯಿಂದ ಅಣ್ಣ. “ನೀ ನನ್ನ ಬೆಳಕ ಕದ್ದಿ!” ಎಂದು ಈ ಕಡೆಯಿಂದ ನಾನು. ಪಾಲಾದ ಮೇಲೆ ನಾವಿಬ್ಬರೂ ನೇರವಾಗಿ ಆಡಿಕೊಂಡ ಮೊದಲ ಮಾತು ಅದು. ಅದು ಬೆಳೆದು ಎಷ್ಟು ಹೊತ್ತಾಯಿತೋ, ಟಾಂಗಾದ ಗೆಜ್ಜೆ ಸಪ್ಪಳ ಕಿವಿಗೆ ಬಿತ್ತು. ಅಕ್ಕ!

ಇಬ್ಬರೂ ಬೀದಿಗೆ ಓಡಿದೆವು. ಕತ್ತಲಲ್ಲಿ ನಾನು ಮೊದಲು ಎದುರುಗೊಂಡದ್ದು ಅಕ್ಕನನ್ನಲ್ಲ, ಅಣ್ಣನ ಹಣೆಯನ್ನು. ಇಬ್ಬರೂ ತಲೆ ಹಿಡಿದುಕೊಂಡು ನಿಂತಾಗ, ಗಂಗುಬಾಯಿಯವರು ಹಿತ್ತಲ ಕಡೆ ಹೋದರು ಎಂದು ಟಾಂಗಾದವನು ಹೇಳಿದ.

ಹಿತ್ತಲಿಗೆ ಗೋಡೆ ಮುಟ್ಟಿರಲಿಲ್ಲ. ಎಂಜಿನ್ನಿನ ಕೋಣೆಯಲ್ಲಿ ಅಕ್ಕ ಒಂದು ಗೋಣಿಚೀಲದ ಮೇಲೆ ಕೂತಿದ್ದಳು. ಮುಂದೆ ಆರತಿ ತಟ್ಟೆ, ಹೊಸ ಬತ್ತಿ. ಅಕ್ಕಪಕ್ಕದಲ್ಲಿ ನೀಲಗಂಗಾ, ಶಾರದಾಬಾಯಿ ವೈನಿ, ಒಂದು ಕಂದೀಲು. ಬಿಸಿ ಹೋಳಿಗೆ ಆಗಲೇ ಅರ್ಧ ಮುಗಿದಿತ್ತು.

“ಎರಡೂ ಮನಿ ಕತ್ತಲಿದ್ವು,” ಎಂದಳು ಅಕ್ಕ. “ಅಪ್ಪನ ಎಂಜಿನ್ನಿನ ಸಪ್ಪಳ ಕೇಳಸ್ತು. ನನ್ನ ತವರಮನಿ ಇನ್ನ ಇಷ್ಟ ಉಳದೈತಿ ಅಂತ ಇಲ್ಲೇ ಬಂದೆ.”

ಈ ಮಾತಿಗೆ ನಾನು ತಲೆ ತಗ್ಗಿಸಿದೆ. ಓರೆಗಣ್ಣಿನಿಂದ ನೋಡಿದರೆ ಅಣ್ಣನದೂ ತಗ್ಗಿತ್ತು. ಹಣೆ ನೋವಿಗಲ್ಲ.

ಆ ಇಬ್ಬರು ಹೆಂಗಸರ ಬುದ್ಧಿಯನ್ನು ನಾನು ಇವತ್ತಿಗೂ ಹೊಗಳುತ್ತೇನೆ. ನಾವು ಗೋಡೆಯ ಎರಡೂ ಕಡೆ ನಿಂತು ಕಿರುಚುತ್ತಿದ್ದಾಗ ಅವರು ಬಾವಿಯ ಬಳಿ ಲೆಕ್ಕ ತಾಳೆ ನೋಡಿದ್ದರು. ನಾವು ಒಂದು ದೀಪ ಹಚ್ಚಿದಾಗಲೆಲ್ಲ ಅಣ್ಣನ ಮನೆಯ ಬೆಳಕು ಏರುತ್ತಿತ್ತು, ನಮ್ಮದು ಇಳಿಯುತ್ತಿತ್ತು. ತಕ್ಕಡಿಯ ಹಾಗೆ ಎಂದು ವೈನಿ ಹೇಳಿದರೆ, ತಕ್ಕಡಿಯ ನಡುವೇ ಕಿತ್ತುಹೋಗಿದೆ ಎಂದು ನೀಲಗಂಗಾ ಹೇಳಿದಳು. ನಡುವಿನ ತಂತಿ! ಮುಂದೊಂದು ದಿನ ಅಮೋಗಸಿದ್ಧ ಬಂದು ಅದನ್ನೇ ಬಿಡಿಸಿ ಹೇಳಿದ. ಆ ತಂತಿ ಬಿಟ್ಟರೆ ಎರಡೂ ಮನೆಯ ದೀಪಗಳು ಒಂದೇ ಸಾಲಿಗೆ ಬೀಳುತ್ತವೆ, ಹೆಚ್ಚು ಹಚ್ಚಿದವನ ದಾಬ ಕಡಿಮೆ ಹಚ್ಚಿದವನಿಗೆ ಹೋಗುತ್ತದೆ. ಅಣ್ಣನ ಒಂದು ಬಲ್ಬು ಒಡೆಯಿತು, ಉಳಿದವಕ್ಕೆ ದಾಬ ಮತ್ತೂ ಏರಿತು. ಕೊನೆಯದೂ ಒಡೆದಾಗ ನನ್ನ ಕರೆಂಟಿಗೂ ದಾರಿ ಮುಚ್ಚಿತು. ಅವನನ್ನು ಸೋಲಿಸಲು ಹಚ್ಚಿದ ಒಂದೊಂದು ದೀಪದಿಂದಲೂ ನಾನು ಅವನನ್ನೇ ಬೆಳಗಿಸಿದ್ದೆ!

ಅಂದು ರಾತ್ರಿಯೇ ಅಕ್ಕನ ಅಪ್ಪಣೆಯಾಯಿತು. ಎಂಜಿನ್ನು ನಿಲ್ಲಿಸಿ ನಾನು ಏಣಿ ಹತ್ತಿದೆ, ಅಣ್ಣ ಕೆಳಗೆ ಏಣಿ ಹಿಡಿದ. ಮಾವಿನಗಿಡ ಹತ್ತುವಾಗ ಚಿಕ್ಕಂದಿನಲ್ಲಿ ಹೇಳುತ್ತಿದ್ದಂತೆಯೇ, “ಸಾತು, ಬಿದ್ದಿ, ಸಾವಕಾಶ” ಎಂದ. ಕಂದೀಲು ಎತ್ತಿ ನೋಡಿದರೆ ಪಿಂಗಾಣಿ ಡಬ್ಬಿಯ ತಿರುಪು ಸಡಿಲಾಗಿ ನಡುವಿನ ತಂತಿ ಹೊರಬಂದು ನಿಂತಿತ್ತು. ಗೇಣು ದೂರದಲ್ಲಿ ನನ್ನ ಮೊಳೆ.

“ಯಾಕ ಬಿಟ್ಟೈತಿ?” ಅಣ್ಣ ಕೇಳಿದ.

“ಇಲ್ಲೇ ಯಾರೋ ಮೊಳಿ ಬಡದಾರ,” ಎಂದೆ.

“ಆ ಯಾರೋ ಮಧ್ಯಾಹ್ನ ನನ್ನ ಕಡೇನ ಸುತ್ತಗಿ ಇಸಗೊಂಡಿದ್ರು,” ಎಂದಳು ನೀಲಗಂಗಾ.

ತಂತಿ ಕೂಡಿಸಿ ತಿರುಪು ಬಿಗಿದೆ. ನನ್ನ ಬಲ್ಬುಗಳಲ್ಲಿ ಅರ್ಧವನ್ನು ಅಕ್ಕ ಅಣ್ಣನ ಮನೆಗೆ ಹಾಕಿಸಿದಳು. ಎಂಜಿನ್ನು ಮತ್ತೆ ಹೊರಟಾಗ ಗೋಡೆಯ ಎರಡೂ ಕಡೆ ಒಂದೇ ಸಮ ಬೆಳಕು. ಅದಕ್ಕಿಂತ ಚೆಂದದ ಬೆಳಕನ್ನು ನಾನು ನೋಡಿಲ್ಲ. ಅಪ್ಪನ ಎಂಜಿನ್ನಿನ ಪಕ್ಕದಲ್ಲೇ ಎರಡು ಮಣೆ ಹಾಕಿ ಅಕ್ಕ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಆರತಿ ಎತ್ತಿದಳು. ಅಣ್ಣ ಎದೆಯುಬ್ಬಿಸಿ, ಏನು ಬೇಕೋ ಕೇಳು, ಇಬ್ಬರೂ ಕೂಡಿ ಕೊಡುತ್ತೇವೆ ಎಂದುಬಿಟ್ಟ. ನಾನೂ ಹೂಂ ಎಂದುಬಿಟ್ಟೆ.

ಅಕ್ಕ ನೀಲಗಂಗಾಳ ಮುಖ ನೋಡಿದಳು. ಹೋಳಿಗೆ ತಿನ್ನುವಾಗಲೇ ಏನೋ ಮಾತಾಗಿತ್ತು.

“ನನಗೇನೂ ಬ್ಯಾಡ. ಇವರಿಬ್ಬರಿಗೂ ನಡುವಿಗೊಂದೊಂದು ಡಾಬು ಮಾಡಸ್ರಿ. ನಡು ಗಟ್ಟಿ ಇಲ್ಲಂದ್ರ ಮನ್ಯಾಗ ಡಾಬು ನಿಲ್ಲೂದಿಲ್ಲ ಅಂತ ಮಿಸ್ತ್ರಿ ಹೇಳ್ಯಾನಂತ.”

ಅದು ಡಾಬು ಅಲ್ಲ ಅಕ್ಕಾ, ದಾಬ, ವಿದ್ಯುತ್ತಿನ ಒತ್ತಡ ಎಂದು ನಾನು ವಿವರಿಸತೊಡಗಿದೆ. ಒಬ್ಬರೂ ಕಿವಿಗೊಡಲಿಲ್ಲ. ಒಬ್ಬರಿಗೆ ಮಾಡಿಸಿ ಇನ್ನೊಬ್ಬರಿಗೆ ಬಿಟ್ಟರೆ ಮತ್ತೆ ಏರುಪೇರಾದೀತು, ಎರಡೂ ಸಮ ತೂಕ ಇರಲಿ ಎಂದು ವೈನಿ ಮಾತ್ರ ನೆನಪಿಸಿದರು.

ಹಬ್ಬ ಮುಗಿದ ಮೇಲೆ ಅಣ್ಣ ನಾನು ಒಂದೇ ಟಾಂಗಾದಲ್ಲಿ ಕೂತು, ಒಂದೇ ರೈಲು ಹಿಡಿದು ಸೊಲ್ಲಾಪುರದ ಸರಾಫರ ಅಂಗಡಿಗೆ ಹೊರಟೆವು. ದಾರಿಯುದ್ದಕ್ಕೂ ಅಣ್ಣ ಕಿಟಕಿಯಾಚೆ ನೋಡುತ್ತ ಏನೋ ಯೋಚಿಸುತ್ತಿದ್ದ. ಸೊಲ್ಲಾಪುರ ಬಂದಾಗ ನನ್ನ ಹೆಗಲ ಮೇಲೆ ಕೈ ಇಟ್ಟ.

“ಸಾತು, ಆ ನಾಕನೇ ತಂತಿ ಹಾಕಸಿದ್ರ ಅಗ್ಗ ಬೀಳತಿತ್ತಲ್ಲೋ.”