ನೇಪಲ್ಸಿನ ಬುಟ್ಟಿ

ಜಂಬಯ್ಯ ಯುದ್ಧದಿಂದ ಮರಳಿ ಬಂದು ನಿಜ ಹೇಳಿದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಪಲ್ಟನ್ನಿನ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತ ಇಟಲಿಯ ನೇಪಲ್ಸ್ ಬಂದರಿನಲ್ಲಿ ಹನ್ನೊಂದು ತಿಂಗಳು ಇದ್ದು ಬಂದವನು ಅವನು. ಹೊಸಪೇಟೆಯ ಜನ ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟ. ಅಲ್ಲಿನ ಓಣಿಗಳು ನಮ್ಮವಕ್ಕಿಂತ ಇಕ್ಕಟ್ಟು. ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ, ಹೋಗುವವರ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಬೀದಿಯಲ್ಲೇ ನಿಂತು ಉದ್ದುದ್ದ ಶಾವಿಗೆಯನ್ನು ಕೈಯಿಂದ ಎತ್ತಿ ಬಾಯಿಗೆ ಇಳಿಸುತ್ತಾರೆ. ಹಬ್ಬದ ದಿನ ಗುಡಿಯ ಸೀಸೆಯಲ್ಲಿ ಹೆಪ್ಪುಗಟ್ಟಿರುವ ಸಂತನ ರಕ್ತ ಕರಗುವುದು ತಡವಾದರೆ ಮುದುಕಿಯರು ಆ ಸಂತನಿಗೇ ಬಾಯಿಗೆ ಬಂದಂತೆ ಬಯ್ಯುತ್ತಾರೆ. ಮಹಡಿಯ ಹೆಂಗಸರು ಕಾಯಿಪಲ್ಲೆಗೂ ಕೆಳಗಿಳಿಯದೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಾರೆ. ಅಂಥದೊಂದು ಬುಟ್ಟಿ ದಿನಾ ಅವನಿಗೂ ಬಿಸಿ ಊಟ ಇಳಿಸುತ್ತಿತ್ತು, ಪಲ್ಟನ್ನಿನ ಹಿಟ್ಟು ಹೊತ್ತು ಮೇಲೇರುತ್ತಿತ್ತು.

ಊರು ನಕ್ಕಿತು. ಬಿಳಿಯರ ದೇಶ ಎಲ್ಲಾದರೂ ಹೀಗಿರುತ್ತದೆಯೇ? ಇವನು ಗುಂತಕಲ್ ಸ್ಟೇಷನ್ನಿನ ಹೋಟೆಲಿನಲ್ಲಿ ತಟ್ಟೆ ತೊಳೆದುಕೊಂಡಿದ್ದ ಎಂದು ತೀರ್ಮಾನವಾಯಿತು. ಪಲ್ಟನ್ನಿನ ಕಾಗದ ತೋರಿಸಿದರೆ, ಗುಂತಕಲ್ಲಿನಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ ಅಂದರು. ಕಾಲುವೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಹೆಂಡತಿ ಹಂಪಮ್ಮನಿಗೆ ನೇಪಲ್ಸಮ್ಮ ಎಂದು ಹೆಸರಿಟ್ಟರು. ಒಂದು ಮುಂಜಾನೆ ಅವಳ ತಾಳ್ಮೆ ಮುಗಿಯಿತು.

"ಇವತ್ತು ಸಂಜಿ ಒಳಗ ಊರ ಬಾಯಿ ಮುಚ್ಚಸ್ರಿ. ಇಲ್ಲಂದ್ರ ನಾನು ಪಾಪಿನಾಯಕನಹಳ್ಳಿಗೆ ಹೋಗ್ತೀನಿ."

ಪಾಪಿನಾಯಕನಹಳ್ಳಿ ಅವಳ ತವರು. ಜಂಬಯ್ಯ ಗಾಬರಿಯಾಗಿ, ಹೊಸಪೇಟೆಯಲ್ಲೇ ಇದ್ದ ಅವಳ ಅಣ್ಣ ಉಜ್ಜಿನಪ್ಪನ ಅಕ್ಕಿ ಗಿರಣಿಗೆ ಓಡಿದ, ಹಿಂದೆಯೇ ಹಂಪಮ್ಮನೂ ಬಂದಳು. ಉಜ್ಜಿನಪ್ಪ ಮದರಾಸಿನ ವ್ಯಾಪಾರಿಯೊಬ್ಬನ ಎದುರು ಕೂತು, ಟವೆಲಿನಿಂದ ಮುಖದ ಮೇಲಿನ ನೊಣ ಓಡಿಸುತ್ತ, ಹೊಸಪೇಟೆಯಲ್ಲಿ ನೊಣವೆಂಬುದೇ ಇಲ್ಲ ಎಂದು ಆಣೆ ಮಾಡುತ್ತಿದ್ದ. ತಂಗಿಯ ಗಂಡನ ಕಷ್ಟ ಕೇಳಿ ಸುಲಭದ ದಾರಿ ತೋರಿಸಿದ.

"ಹಾಲುಗಲ್ಲಿನ ಬೀದಿ ಇದ್ವು ಅಂದುಬಿಡು. ಊರು ಒಪ್ಕೊಂತೈತಿ."

"ಅನ್ನಂಗಿಲ್ಲ. ಬಟ್ಟಿ ಕಂಡೀನಿ, ಬಟ್ಟಿ ಅಂತೀನಿ. ಇಡೀ ಜಿಲ್ಲೆ ಎದುರು ನಿಂತ್ರೂ ಅಷ್ಟ."

ಆಗ ವ್ಯಾಪಾರಿ ಬಾಯಿ ಹಾಕಿದ. ಆ ಮುಂಜಾನೆ ಹಂಪಿಯಲ್ಲಿ ಒಬ್ಬ ಬಿಳಿ ದೊರೆಯ ಲಾರಿ ನೋಡಿದ್ದನಂತೆ. ಅದನ್ನು ಓಡಿಸುವವನು ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯವನು, ಹುಟ್ಟೂರು ನೇಪಲ್ಸ್.

ಗಿರಣಿಯ ಎರಡೂ ಗಾಡಿ ಹೂಡಿದರು. ಅರ್ಧ ಓಣಿ ಹತ್ತಿ ಕೂತಿತು. ತನ್ನ ಪಾಲಿನ ದೇವರೇ ಹಂಪಿಗೆ ಇಳಿದುಬಂದಂತೆ ಜಂಬಯ್ಯ ಮೀಸೆ ತಿರುವುತ್ತ ಮುಂದಿನ ಗಾಡಿಯಲ್ಲಿ ನಿಂತೇ ಹೋದ.

ಇಟಲಿಯವನು ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಲಾರಿ ಒರೆಸುತ್ತಿದ್ದ. ಉಜ್ಜಿನಪ್ಪ ತನ್ನ ಮುರುಕು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳಿದ. ಇಟಲಿಯವನು ಸುತ್ತ ನಿಂತ ಪರಕೀಯರನ್ನೆಲ್ಲ ನೋಡಿ ಎದೆ ಸೆಟೆಸಿದ. ಬೀದಿಗಳೆಲ್ಲ ಹಾಲುಗಲ್ಲು. ಬೀದಿಯಲ್ಲಿ ಬಟ್ಟೆ ಒಣಹಾಕುವುದೇ? ಛೆ. ಊಟ ಬೆಳ್ಳಿ ಚಮಚದಲ್ಲಿ. ಬೈಗುಳವನ್ನು ಅಲ್ಲಿ ಯಾರೂ ಕೇಳಿಯೇ ಇಲ್ಲ. ಬುಟ್ಟಿಯ ಮಾತು ಬಂದಾಗ ಮಾತ್ರ ಕೈಯಲ್ಲಿದ್ದ ಎಣ್ಣೆಬಟ್ಟೆಯಿಂದಲೇ ಕಣ್ಣೊರೆಸಿಕೊಂಡು ಆ ಕಡೆ ತಿರುಗಿದ.

ಜನ ಹೊಟ್ಟೆ ಹಿಡಿದು ನಕ್ಕರು. ಜಂಬಯ್ಯ ಲಾರಿಯ ಮೆಟ್ಟಿಲು ಹತ್ತಿದ.

"ಆತ ಅಲ್ಲೇ ಹುಟ್ಟಿರಬಹುದು. ಆದ್ರೂ ಬಟ್ಟಿ ಇದ್ವು."

ಸಂಜೆ ಮನೆಗೆ ಬಂದವಳೇ ಹಂಪಮ್ಮ ಟ್ರಂಕು ತೆಗೆದಳು. ಜಂಬಯ್ಯ ಹೊಸ್ತಿಲ ಮೇಲೆ ಗಟ್ಟಿಯಾಗಿ ಕೂತ.

"ಹೋಗೋದಿದ್ರ ಹೋಗು. ಸುಳ್ಳು ಮಾತ್ರ ಹೇಳಂಗಿಲ್ಲ."

"ನೀವು ಸುಳ್ಳು ಹೇಳೀರಿ ಅಂತ ಯಾರಂದ್ರು? ಮುಂಜಾನೆ ನಮ್ಮಣ್ಣ ನೊಣ ಹೊಡಕೊಂತ ನೊಣ ಇಲ್ಲ ಅಂದ. ಇವನೂ ಅಂಥವನ. ಪರಊರವರ ಮುಂದ ತನ್ನೂರು ಯಾರು ಬಿಟ್ಟುಕೊಡ್ತಾರ? ಬುಟ್ಟಿ ಅಂದಕೂಡ್ಲೇ ಕಣ್ಣಾಗ ನೀರು ತಂದ. ನನಗ ನಂಬಿಗಿ ಬಂತು."

ಜಂಬಯ್ಯ ಹೊಸ್ತಿಲಿನಿಂದ ಎದ್ದು ಬಂದ. ಊರು ಹಾಳಾಗಲಿ, ಹೆಂಡತಿ ನಂಬಿದಳಲ್ಲ! ಮತ್ತೆ ಟ್ರಂಕು ಯಾಕೆ ಎಂದು ಕೇಳಿದ.

ಹಂಪಮ್ಮ ಕೊನೆಯ ಸೀರೆ ಮಡಚಿಟ್ಟಳು.

"ಓಣಿ ಖರೆ, ಬಟ್ಟಿ ಖರೆ. ಹಂಗಾದ್ರ ಹನ್ನೊಂದು ತಿಂಗಳು ದಿನಾ ನಿಮಗ ಬಿಸಿ ಊಟ ಇಳಿಸಿದಾಕಿನೂ ಖರೆ. ಆಕಿ ಯಾರ್ರಿ?"

ಇಡೀ ಊರಿಗೆ ಬಗ್ಗದ ಜಂಬಯ್ಯ ಒಮ್ಮೆ ಟ್ರಂಕು ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ.

"ಯಾವ ನೇಪಲ್ಸು, ಹಂಪಮ್ಮ? ನಾನು ಗುಂತಕಲ್ಲಾಗ ತಟ್ಟಿ ತೊಳಿತಿದ್ದೆ," ಅಂದ.

ಅಷ್ಟರಲ್ಲಿ ಟ್ರಂಕಿಗೆ ಬೀಗ ಬಿದ್ದಿತ್ತು.